ಗಸಗಸೆ ಗಿಡದ ಔಷಧ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ನೋವಿನ ಮಾತ್ರೆಗಳ ಬಗ್ಗೆ ಬರೆಯುವಾಗ ಮಾರ್ಫಿನ್ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಅದು ಗಸಗಸೆ ಗಿಡದಿಂದ ಬರುವ ಔಷಧ ಎಂದಿದ್ದೆ. ಆ ಗಿಡದ ಹಸಿ ಕಾಯಿಯ ಹಾಲು ಗಟ್ಟಿಯಾದರೆ ಅಫೀಮು, ಅದರೊಳಗಿರುವ ನೋವಿನ ಔಷಧವೇ ಮಾರ್ಫಿನ್. ಅಷ್ಟಕ್ಕೇ ಪತ್ರಗಳ ಮೇಲೆ ಪತ್ರ. ಹಾಗಾಗಿ ಈ ಸಲ ಬಿಪಿ, ಶುಗರ್ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಈ ಒಂದು ಗಿಡದ ಮಾತನ್ನೇ ಆಡುತ್ತೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಡಾಕ್ಟರ್ ಅಲ್ಲ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್ ಆಗಿದ್ದು ನಿವೃತ್ತಳಾದವಳು. ಮಾರ್ಫಿನ್ ಇಡುವ ಬೀರುವಿನ ಒಂದು ಬೀಗದ ಕೈ ಬಹಳ ವರ್ಷ ನನ್ನ ಸೊಂಟದಲ್ಲಿತ್ತು.

ಮದ್ದೂರು ಕಡೆಯಿಂದ ಬಂದ ಪತ್ರ ಮೊದಲು. ಅದು ಕಾಯುವ ಪತ್ರ ಅಲ್ಲ.

ಪ್ರಶ್ನೆ: ಮೇಡಂ, ನಮ್ಮ ಮಾವನವರಿಗೆ ಬಾಯಿ ಕ್ಯಾನ್ಸರ್. ಆಪರೇಷನ್ ಆಯ್ತು, ಕರೆಂಟೂ ಕೊಟ್ಟಾಯ್ತು. ಈಗ ಮತ್ತೆ ಗಂಟು ಬಂದಿದೆ. ರಾತ್ರಿಯಿಡೀ ದವಡೆ ಹಿಡ್ಕೊಂಡು ಗೋಡೆಗೆ ಒರಗಿ ಕೂತಿರ್ತಾರೆ. ಡಾಕ್ಟರ್ ಮಾರ್ಫಿನ್ ಮಾತ್ರೆ ಬರೆದಿದ್ದಾರೆ. ಇಲ್ಲಿನ ಮೆಡಿಕಲ್ ಸ್ಟೋರಿನವರು "ಇದು ಅಫೀಮು, ನಾವು ಇಡಲ್ಲ" ಅಂದ್ರು. ನಮ್ಮತ್ತೆ "ಇದು ಕೊಟ್ಟರೆ ಮನುಷ್ಯ ಏಳಲ್ಲ, ಚಟ ಹತ್ತುತ್ತೆ" ಅಂತ ಅಳ್ತಾರೆ. ಕೊಡೋದಾ, ಬೇಡವಾ? (ಹೆಸರು ಬೇಡ, ಮದ್ದೂರು ತಾಲ್ಲೂಕು)

ಉತ್ತರ: ಕೊಡಿ ತಾಯಿ. ಡಾಕ್ಟರ್ ಬರೆದ ಪ್ರಮಾಣದಲ್ಲಿ, ಬರೆದ ಹೊತ್ತಿಗೆ ಸರಿಯಾಗಿ ಕೊಡಿ.

ನಿಮ್ಮ ಅತ್ತೆಯವರ ಭಯವನ್ನು ಹಗುರವಾಗಿ ನೋಡಬೇಡಿ. ಅವರ ಪಕ್ಕ ಕೂತು ಸಮಾಧಾನವಾಗಿ ಹೇಳಿ. ಮಾರ್ಫಿನ್ ಕೊಡುವುದು ಎಷ್ಟು ದಿನ ಉಳಿದಿದೆ ಅಂತ ಲೆಕ್ಕ ಹಾಕಿ ಅಲ್ಲ, ನೋವು ಎಷ್ಟಿದೆ ಅಂತ ನೋಡಿ. ದೊಡ್ಡ ಆಪರೇಷನ್ ಆದವರಿಗೆ ಕೊಡುತ್ತಾರೆ. ಮೈ ಸುಟ್ಟುಕೊಂಡು ಬಂದವರಿಗೆ ಕೊಡುತ್ತಾರೆ. ಅವರೆಲ್ಲ ಎದ್ದು ಓಡಾಡಿಕೊಂಡು ಮನೆಗೆ ಹೋಗುತ್ತಾರೆ. ಕ್ಯಾನ್ಸರ್ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಒಂದು ಮೆಟ್ಟಿಲಿನ ಪದ್ಧತಿ ಹಾಕಿಕೊಟ್ಟಿತು. ಮೊದಲು ಪ್ಯಾರಾಸಿಟಮಾಲ್ ತರಹದ್ದು. ಅದಕ್ಕೆ ಬಗ್ಗದಿದ್ದರೆ ಮಾರ್ಫಿನ್ನಿಗಿಂತ ಹಗುರವಾದ ಕೋಡೀನ್ ತರಹದ್ದು. ಅದಕ್ಕೂ ಬಗ್ಗದ ನೋವಿಗೆ ಮಾರ್ಫಿನ್. ನಿಮ್ಮ ಮಾವನವರು ಆ ಮೂರನೇ ಮೆಟ್ಟಿಲಲ್ಲಿ ಇದ್ದಾರೆ, ಅಷ್ಟೇ.

ಇನ್ನು ಚಟದ ಮಾತು. ಮಾರ್ಫಿನ್ನಿಗೆ ಮೈ ಒಗ್ಗಿಕೊಳ್ಳುತ್ತದೆ, ಅದು ನಿಜ. ಹಾಗಾಗಿ ಯಾವತ್ತೂ ಥಟ್ಟನೆ ನಿಲ್ಲಿಸಬಾರದು. ನೋವು ಇಳಿದರೆ ಡಾಕ್ಟರೇ ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸುತ್ತಾರೆ. ಮೈ ಒಗ್ಗುವುದೇ ಬೇರೆ, ಚಟವೇ ಬೇರೆ. ಚಟ ಹತ್ತಿದವನು ಮನೆ ಮಠ ಬಿಟ್ಟು ಅದರ ಹಿಂದೆ ಹೋಗುತ್ತಾನೆ. ನೋವಿಗೆ ಅಳತೆಯಲ್ಲಿ ತೆಗೆದುಕೊಂಡವರು ನೋವು ತಗ್ಗಿದ ಮೇಲೆ ಊಟ ಕೇಳುತ್ತಾರೆ, ಮೊಮ್ಮಕ್ಕಳನ್ನು ಕರೆಯುತ್ತಾರೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕ್ಯಾನ್ಸರ್ ನೋವಿಗೆ ಡಾಕ್ಟರ ನಿಗಾದಲ್ಲಿ ತೆಗೆದುಕೊಳ್ಳುವವರಲ್ಲಿ ಚಟ ಹತ್ತುವುದು ಅಪರೂಪ.

ಮನೆಯಲ್ಲಿ ನೋಡಿಕೊಳ್ಳಬೇಕಾದದ್ದನ್ನು ಹೇಳುತ್ತೇನೆ. ಸಾದಾ ಮಾರ್ಫಿನ್ ಮಾತ್ರೆ ಕೆಲಸ ಮಾಡುವುದು ಸುಮಾರು 4 ಗಂಟೆ. ಅದಕ್ಕೇ 4 ಗಂಟೆಗೊಮ್ಮೆ ಅಂತ ಬರೆಯುತ್ತಾರೆ. ನೋವು ಬರಲಿ, ಆಮೇಲೆ ಕೊಟ್ಟರಾಯ್ತು ಅಂತ ಕಾಯಬೇಡಿ. ನೋವು ಏರಿದ ಮೇಲೆ ಇಳಿಸುವುದು ಕಷ್ಟ, ಅದಕ್ಕೆ ಔಷಧವೂ ಜಾಸ್ತಿ ಬೇಕಾಗುತ್ತದೆ. ರಾತ್ರಿ ಎಬ್ಬಿಸದೆ ಹೇಗೆ ಕೊಡುವುದು, ನಡುವೆ ನೋವು ಎದ್ದರೆ ಎಷ್ಟು ಕೊಡುವುದು ಎಂದು ಡಾಕ್ಟರನ್ನು ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. ಬಾಯಿ ತೆರೆಯಲು ಆಗದೆ ಮೂಗಿನ ಟ್ಯೂಬ್ ಹಾಕಿದ್ದರೆ ಸಾದಾ ಮಾತ್ರೆಯನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಬಹುದು. ಆದರೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಅಂತ ಒಂದಿದೆ, ಎಸ್‌ಆರ್ ಅಂತ ಬರೆದಿರುತ್ತದೆ. ಅದನ್ನು ಪುಡಿ ಮಾಡಲೇಬಾರದು. 12 ಗಂಟೆಯಲ್ಲಿ ಬಿಡಬೇಕಾದ ಔಷಧ ಒಂದೇ ಸಲಕ್ಕೆ ಒಳಗೆ ಹೋಗಿಬಿಡುತ್ತದೆ. ಯಾವ ಮಾತ್ರೆ ಕೊಟ್ಟಿದ್ದಾರೆ ಅಂತ ಕೊಡುವವರನ್ನೇ ಕೇಳಿ.

ಮಲಬದ್ಧತೆ ಬಂದೇ ಬರುತ್ತದೆ. ಬೇರೆ ತೊಂದರೆಗಳಿಗೆ ಮೈ ಒಗ್ಗಿದರೂ ಇದಕ್ಕೆ ಒಗ್ಗುವುದಿಲ್ಲ. ಅದಕ್ಕೇ ಮೊದಲ ದಿನದಿಂದಲೇ ಮಲ ಸಲೀಸಾಗಿ ಹೋಗುವಂತೆ ಮಾಡುವ ಮಾತ್ರೆಯನ್ನೂ ಬರೆಯುತ್ತಾರೆ. ಎಷ್ಟೋ ಮನೆಯವರು "ಇದೇನು ಸುಮ್ನೆ" ಅಂತ ಅದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಹೊಟ್ಟೆ ಕಟ್ಟಿ, ಮಾರ್ಫಿನ್ನೇ ಬೇಡ ಅನ್ನುವ ಸ್ಥಿತಿಗೆ ಬರುತ್ತದೆ. ಬಿಡಬೇಡಿ. ಮೊದಲ ಎರಡು ಮೂರು ದಿನ ವಾಕರಿಕೆ, ತೂಕಡಿಕೆ ಇರಬಹುದು. ದಿನಗಟ್ಟಲೆ ನಿದ್ದೆಗೆಟ್ಟವರು ಮೊದಲ ದಿನ ಚೆನ್ನಾಗಿ ಮಲಗುತ್ತಾರೆ. ಅದನ್ನು ನೋಡಿಯೇ ಮನೆಯವರು ಗಾಬರಿಯಾಗುವುದು. ಕರೆದರೆ ಎಚ್ಚರಾಗಿ ಮಾತಾಡಿದರೆ ಭಯ ಬೇಡ. ಕರೆದರೂ ಏಳುತ್ತಿಲ್ಲ, ಉಸಿರು ತೀರಾ ನಿಧಾನವಾಗಿದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದೆ ಅಂದರೆ ಮಾತ್ರ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಹೋಗಿ. ಮೂತ್ರ ಕಡಿಮೆಯಾಗಿ ಕೈಕಾಲು ಅದುರಿದರೂ ಡಾಕ್ಟರಿಗೆ ಹೇಳಿ. ಕಿಡ್ನಿ ಸೋತಾಗ ಈ ಔಷಧ ಮೈಯಲ್ಲೇ ನಿಲ್ಲುತ್ತದೆ, ಪ್ರಮಾಣ ಬದಲಿಸಬೇಕಾಗುತ್ತದೆ. ಮಾರ್ಫಿನ್ ಜೊತೆ ಹೆಂಡ ಬೇಡ. ಡಾಕ್ಟರಿಗೆ ತಿಳಿಸದೆ ನಿದ್ದೆ ಮಾತ್ರೆಯೂ ಬೇಡ.

ಇನ್ನು ಸಿಗುವುದೆಲ್ಲಿ ಅನ್ನುವುದು. ಎಲ್ಲಾ ಮೆಡಿಕಲ್ ಸ್ಟೋರಿನವರೂ ಇಡುವುದಿಲ್ಲ, ಅವರನ್ನು ಬೈದು ಪ್ರಯೋಜನವಿಲ್ಲ. ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಚೀಟಿ ಬರೆದ ಡಾಕ್ಟರನ್ನೇ "ಇದು ಎಲ್ಲಿ ಸಿಗುತ್ತೆ ಸಾರ್, ಅವರ ಹೆಸರು ಬರೆದುಕೊಡಿ" ಅಂತ ಕೇಳಿ. ಮೈಸೂರಿನಲ್ಲಿ ಕ್ಯಾನ್ಸರ್ ನೋಡುವ ಆಸ್ಪತ್ರೆಗಳಲ್ಲಿ "ಪ್ಯಾಲಿಯೇಟಿವ್ ಕೇರ್ ಇದೆಯಾ, ಬಾಯಿಗೆ ಕೊಡುವ ಮಾರ್ಫಿನ್ ಇದೆಯಾ" ಎಂದು ಎರಡೂ ಪ್ರಶ್ನೆ ಕೇಳಿ. ಪ್ಯಾಲಿಯೇಟಿವ್ ಕೇರ್ ಅಂದರೆ ರೋಗಿಯ ನೋವು, ಸಂಕಟ ಇಳಿಸುವ ಉಪಶಮನ ಆರೈಕೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ರೋಗಿಯನ್ನು ಬಸ್ಸಿನಲ್ಲಿ ಎಳೆದಾಡಿಸುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಆಸ್ಪತ್ರೆಯ ದಾಖಲೆ, ಹಳೇ ಚೀಟಿ, ರೋಗಿಯ ಮತ್ತು ತರಲು ಹೋಗುವವರ ಗುರುತಿನ ಚೀಟಿ ಜೊತೆಗಿರಲಿ. ಮನೆಯಲ್ಲಿ ಮಾತ್ರೆಗಳನ್ನು ಬೀಗ ಹಾಕಿ ಇಡಿ. ಉಳಿದದ್ದನ್ನು ಕಸಕ್ಕೆ ಎಸೆಯದೆ ಕೊಟ್ಟ ಕಡೆಗೇ ವಾಪಸ್ ಕೊಡಿ.

ಪ್ರಶ್ನೆ: ನೋವಿಗೆ ಅಷ್ಟು ಒಳ್ಳೆಯ ಔಷಧ ಅಂದರೆ ಅದನ್ನು ಇಷ್ಟು ಬಚ್ಚಿಡುವುದೇಕೆ? ಭಾರತದಲ್ಲೇ ಬೆಳೆಯುತ್ತದಂತೆ. ಆದರೂ ನಮ್ಮ ಜಿಲ್ಲೆಯಲ್ಲಿ ಸಿಗದಿರುವುದು ಏಕೆ? (ನಿವೃತ್ತ ಉಪನ್ಯಾಸಕರು, ಸರಸ್ವತಿಪುರಂ, ಮೈಸೂರು)

ಉತ್ತರ: ಸಾರ್, ನನ್ನನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆ ಇದು.

ಬೀರು ಹೇಗಿತ್ತು ಅಂತ ಮೊದಲು ಹೇಳುತ್ತೇನೆ. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಬೀರು. ಒಳಗೆ ಇನ್ನೊಂದು ಬಾಗಿಲು. ಎರಡು ಬೀಗ, ಎರಡು ಕೈ, ಇಬ್ಬರ ಹತ್ತಿರ. ಒಬ್ಬರೇ ತೆರೆಯುವಂತಿರಲಿಲ್ಲ. ಪಕ್ಕದಲ್ಲಿ ಉದ್ದನೆಯ ರಿಜಿಸ್ಟರ್. ತಾರೀಖು, ರೋಗಿಯ ಹೆಸರು, ನಂಬರು, ಬರೆದ ಡಾಕ್ಟರು, ಕೊಟ್ಟದ್ದೆಷ್ಟು, ಉಳಿದದ್ದೆಷ್ಟು. ವಾರ್ಡಿನ ಸಿಸ್ಟರ್ ಹೊಸ ಆಂಪೂಲ್ (ಚುಚ್ಚುಮದ್ದಿನ ಪುಟ್ಟ ಗಾಜಿನ ಸೀಸೆ) ಕೇಳಲು ಬಂದರೆ ಹಳೆಯ ಖಾಲಿ ಆಂಪೂಲ್ ತಂದುಕೊಡಬೇಕು. ಗಾಜಿನ ಮೇಲಿನ ಬ್ಯಾಚ್ ನಂಬರ್ ನೋಡಿ, ರಿಜಿಸ್ಟರಿಗೆ ತಾಳೆ ಹಾಕಿ, ಆಮೇಲೆ ಹೊಸದು. ಅರ್ಧ ಚುಚ್ಚಿ ಅರ್ಧ ಚೆಲ್ಲಿದರೂ ಇಬ್ಬರು ಸಹಿ ಹಾಕಬೇಕು. ಈ ಶಿಸ್ತಿಗೆ ನನ್ನ ತಕರಾರಿಲ್ಲ. ಇಂಥ ಔಷಧಕ್ಕೆ ಲೆಕ್ಕ ಇರಲೇಬೇಕು.

ನನ್ನ ತಕರಾರು ಬೇರೆ. 1985ರಲ್ಲಿ ಮಾದಕ ವಸ್ತುಗಳ ಕಾನೂನು ಬಂತು. ಎನ್‌ಡಿಪಿಎಸ್ ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಅದೇ. ಕಳ್ಳಸಾಗಣೆ ತಡೆಯಲು ಬಂದ ಕಾನೂನು ಆಸ್ಪತ್ರೆಗಳ ಕೈಯನ್ನೂ ಕಟ್ಟಿತು. ಮಾರ್ಫಿನ್ ತರಿಸಲು ಆಸ್ಪತ್ರೆ ಒಂದಲ್ಲ, ಹಲವು ಲೈಸೆನ್ಸ್ ಪಡೆಯಬೇಕಿತ್ತು. ಅಬಕಾರಿ ಒಂದು ಕಡೆ, ಔಷಧ ನಿಯಂತ್ರಕರು ಇನ್ನೊಂದು ಕಡೆ. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಲೆಕ್ಕದಲ್ಲಿ ಸಣ್ಣ ತಪ್ಪಾದರೂ ಜೈಲು ಎಂಬ ಹೆದರಿಕೆ ಬೇರೆ. ಆಸ್ಪತ್ರೆಗಳು ತರಿಸುವುದನ್ನೇ ಬಿಟ್ಟವು. ತರಿಸದ ಮೇಲೆ ಡಾಕ್ಟರುಗಳು ಬರೆಯುವುದನ್ನು ಬಿಟ್ಟರು. ಬರೆಯುವುದನ್ನು ನೋಡದೆ ಓದಿದ ಒಂದು ಪೀಳಿಗೆಯ ಡಾಕ್ಟರುಗಳು ಅದನ್ನು ಕಲಿಯಲೇ ಇಲ್ಲ. 1997ರಲ್ಲಿ ಇಡೀ ಭಾರತ ಬಳಸಿದ ಮಾರ್ಫಿನ್ ಬರೀ 18 ಕೆ.ಜಿ. ಇಷ್ಟು ದೊಡ್ಡ ದೇಶಕ್ಕೆ 18 ಕೆ.ಜಿ! ಅದೂ ಈ ಗಿಡವನ್ನು ಕಾನೂನುಬದ್ಧವಾಗಿ ಬೆಳೆದು ಹೊರದೇಶಕ್ಕೆ ಕಳಿಸುವ ದೇಶದಲ್ಲಿ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

2014ರಲ್ಲಿ ಕಾನೂನಿಗೆ ತಿದ್ದುಪಡಿ ಆಯಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಮುಂತಾದ ಕೆಲವನ್ನು ಅತ್ಯಗತ್ಯ ಔಷಧ ಅಂತ ಬೇರೆ ಮಾಡಿದರು. ಇಡೀ ದೇಶಕ್ಕೆ ಒಂದೇ ನಿಯಮ, ಒಂದೇ ಕಡೆ ಅನುಮತಿ. ಮಾನ್ಯತೆ ಪಡೆದ ಆಸ್ಪತ್ರೆ ಔಷಧ ನಿಯಂತ್ರಕರ ಒಂದು ಮಾನ್ಯತೆಯಲ್ಲೇ ತರಿಸಬಹುದು. ಈ ತಿದ್ದುಪಡಿಗಾಗಿ ಬಹಳ ವರ್ಷ ಓಡಾಡಿದವರಲ್ಲಿ ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮುಖ್ಯರು. ಅವರೂ ಅವರ ಜೊತೆಯವರೂ 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರು ಮಾಡಿದ ಉಪಶಮನ ಆರೈಕೆ ಊರೂರಿನ ಸ್ವಯಂಸೇವಕರ ಕೈಗೆ ಹೋಯಿತು. ನೋವಿನ ಔಷಧ ರೋಗಿಯ ಮನೆ ಬಾಗಿಲಿಗೆ ಬಂತು. ಗುಂಡ್ಲುಪೇಟೆ ದಾಟಿದರೆ ಕೇರಳ. ಅಲ್ಲಿ ಆದದ್ದು ನಮ್ಮಲ್ಲಿ ಆಗಬಾರದು ಅಂತೇನೂ ಇಲ್ಲ. ಕಾನೂನಿನ ಅಡ್ಡಿ ಬಹುಪಾಲು ಹೋಗಿದೆ. ಉಳಿದಿರುವುದು ನಮ್ಮ ಆಸ್ಪತ್ರೆಗಳು ಮಾನ್ಯತೆಗೆ ಅರ್ಜಿ ಹಾಕುವುದು, ಡಾಕ್ಟರುಗಳು ತರಬೇತಿ ಪಡೆಯುವುದು. ನಿಮ್ಮಂಥ ನಾಲ್ಕು ಜನ ಹಿರಿಯರು ಊರಿನ ಆಸ್ಪತ್ರೆಗೆ ಹೋಗಿ "ಮಾರ್ಫಿನ್ ಏಕೆ ಇಟ್ಟಿಲ್ಲ" ಅಂತ ಕೇಳಿದರೆ ಅದಕ್ಕೆ ತೂಕ ಇರುತ್ತದೆ ಸಾರ್. ಕೇಳಿ.

ಪ್ರಪಂಚದ ಲೆಕ್ಕವೂ ಹೀಗೇ ಅನ್ಯಾಯದ್ದು. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ್ದ ಆಯೋಗ ಲೆಕ್ಕ ಹಾಕಿ ಹೇಳಿತು: ವರ್ಷಕ್ಕೆ ಜಗತ್ತಿನಲ್ಲಿ ಹಂಚಿಕೆಯಾಗುವ ಸುಮಾರು 299 ಟನ್ ಮಾರ್ಫಿನ್ ಬಗೆಯ ಔಷಧದಲ್ಲಿ ತೀರಾ ಬಡ ದೇಶಗಳಿಗೆ ಸಿಗುವುದು 0.1 ಟನ್. ಅಂದರೆ 100 ಕೆ.ಜಿ. ಉಳಿದದ್ದರ ಬಹುಪಾಲು ಶ್ರೀಮಂತ ದೇಶಗಳಿಗೆ. ಅಮೆರಿಕದಲ್ಲಿ ಇದೇ ಗಿಡದ ಇನ್ನೊಂದು ಔಷಧ ಆಕ್ಸಿಕೋಡೋನನ್ನು 1996ರಿಂದ ಕಂಪನಿ ಸುಳ್ಳು ಹೇಳಿ, ಚಟ ಹತ್ತುವುದಿಲ್ಲ ಎಂಬಂತೆ ಮಾರಿತು. ಬೆನ್ನುನೋವಿಗೂ ಬರೆದರು, ಹಲ್ಲು ಕಿತ್ತಿದ್ದಕ್ಕೂ ಬರೆದರು. ಲಕ್ಷಾಂತರ ಮನೆ ಹಾಳಾದವು. ಹಾಗಾಗಿ ಭಯಕ್ಕೆ ಕಾರಣ ಇದೆ, ಇಲ್ಲ ಅನ್ನಲಾರೆ. ಆದರೆ ಅಲ್ಲಿ ಬೇಡದವರಿಗೆ ಕೊಟ್ಟರು ಅಂತ ಇಲ್ಲಿ ಬೇಕಾದವರಿಗೆ ಕೊಡದಿರುವುದು ಯಾವ ನ್ಯಾಯ?

ಪ್ರಶ್ನೆ: ನಾನು ಬಿ.ಫಾರ್ಮ ಎರಡನೇ ವರ್ಷ. ಅಫೀಮಿನಿಂದ ಮಾರ್ಫಿನ್ ಬೇರೆ ಮಾಡಿದ್ದು ಯಾರು, ಹೇಗೆ? ಸ್ವಲ್ಪ ಇತಿಹಾಸ ಹೇಳ್ತೀರಾ ಮೇಡಂ? (ವಿದ್ಯಾರ್ಥಿನಿ, ಮೈಸೂರು)

ಉತ್ತರ: ಹೇಳ್ತೀನಿ ಮಗು, ಖುಷಿಯಿಂದ. ಬೇರೆ ಮಾಡಿದವನು ನಮ್ಮ ಕಸುಬಿನವನೇ. ಜರ್ಮನಿಯ ಪಾಡರ್‌ಬೋರ್ನ್ ಎಂಬ ಊರಿನ ಔಷಧದಂಗಡಿಯಲ್ಲಿ ಸಹಾಯಕನಾಗಿದ್ದ ಫ್ರೀಡ್ರಿಶ್ ಸೆರ್ಟ್ಯೂರ್ನರ್. ಆಗ ಇಪ್ಪತ್ತರ ಆಚೀಚಿನ ಹುಡುಗ. ವಿಶ್ವವಿದ್ಯಾಲಯದ ಡಿಗ್ರಿ ಇರಲಿಲ್ಲ.

ಆಗಿನ ಅಂಗಡಿಗಳಲ್ಲಿ ಅಫೀಮು ಇತ್ತು, ಹೆಂಡದಲ್ಲಿ ಕರಗಿಸಿದ ಲಾಡನಮ್ ಇತ್ತು. ತೊಂದರೆ ಏನಂದರೆ ಒಂದು ಅಫೀಮಿನ ಉಂಡೆಯಂತೆ ಇನ್ನೊಂದಿಲ್ಲ. ಮಣ್ಣು, ಮಳೆ, ಕೊಯ್ದ ಹೊತ್ತು, ಕಲಬೆರಕೆ, ಎಲ್ಲದರಿಂದ ಶಕ್ತಿ ಬದಲಾಗುತ್ತದೆ. ಅದೇ ಹನಿ ಒಬ್ಬನ ನೋವು ಇಳಿಸದು, ಇನ್ನೊಬ್ಬನ ಉಸಿರನ್ನೇ ನಿಲ್ಲಿಸೀತು. ಈ ಹುಡುಗ ಅಫೀಮನ್ನು ಬಿಸಿ ನೀರು, ಆಮ್ಲಗಳಲ್ಲಿ ಕದಡಿ, ಅಮೋನಿಯಾ ಹಾಕಿ, ತಳಕ್ಕೆ ಕೂತ ಹರಳುಗಳನ್ನು ಶುದ್ಧ ಮಾಡಿದ. 1804-05ರ ಹೊತ್ತಿನ ಕೆಲಸ ಅದು. ನಾಯಿಗಳ ಮೇಲೆ ಪರೀಕ್ಷೆ ಮಾಡಿದ. ಆಮೇಲೆ ತಾನೂ ಮೂವರು ಎಳೆಯರೂ ನುಂಗಿ ನೋಡಿದರು. ಪ್ರಮಾಣ ಮೀರಿ ಎಲ್ಲರಿಗೂ ವಿಷ ಏರಿತು, ಬದುಕಿಕೊಂಡರು. 1817ರಲ್ಲಿ ಅವನು ವಿವರವಾಗಿ ಬರೆದ ಮೇಲೆ ವಿಜ್ಞಾನಿಗಳು ಕಣ್ಣುಬಿಟ್ಟು ನೋಡಿದರು. ಒಂದು ಗಿಡದ ಗುಣ ಇರುವುದು ಅದರೊಳಗಿನ ಒಂದು ವಸ್ತುವಿನಲ್ಲಿ, ಅದನ್ನು ತೂಕ ಮಾಡಿ ಕೊಡಬಹುದು ಅಂತ ತೋರಿಸಿದ್ದು ಇವನ ಕೆಲಸ. ನೀನು ನಾಳೆ ಮಿಲಿಗ್ರಾಂ ಲೆಕ್ಕದಲ್ಲಿ ಔಷಧ ಕೊಡುತ್ತೀಯಲ್ಲ, ಆ ದಾರಿ ಶುರುವಾದದ್ದು ಅಲ್ಲಿಂದ.

1827ರ ಹೊತ್ತಿಗೆ ಜರ್ಮನಿಯ ಮೆರ್ಕ್ ಅದನ್ನು ವ್ಯಾಪಾರಕ್ಕೆ ತಯಾರಿಸಿತು. 1832ರಲ್ಲಿ ಫ್ರಾನ್ಸಿನ ರೋಬಿಕೆ ಕೋಡೀನ್ ಬೇರೆ ಮಾಡಿದ. 1853ರಲ್ಲಿ ಎಡಿನ್‌ಬರೋದ ಡಾ. ಅಲೆಕ್ಸಾಂಡರ್ ವುಡ್ ಸೂಜಿ ಸಿರಿಂಜಿನಿಂದ ಮಾರ್ಫಿನ್ ಚುಚ್ಚಿದ. 1874ರಲ್ಲಿ ಲಂಡನ್ನಿನಲ್ಲಿ ಮಾರ್ಫಿನ್ನಿನಿಂದಲೇ ಹೆರಾಯಿನ್ ಮಾಡಿದರು. 1898ರಲ್ಲಿ ಬೇಯರ್ ಕಂಪನಿ ಅದನ್ನು ಕೆಮ್ಮಿನ ಔಷಧ ಅಂತ ಮಾರುಕಟ್ಟೆಗೆ ಬಿಟ್ಟಿತು!

ನಮ್ಮ ವೈದ್ಯಕ್ಕೆ ಅಫೀಮು ತಡವಾಗಿ ಬಂತು. ಚರಕ, ಸುಶ್ರುತರಲ್ಲಿ ಅದರ ಮಾತಿಲ್ಲ. ಮಧ್ಯಕಾಲದ ಶಾರ್ಙ್ಗಧರ ಸಂಹಿತೆಯಲ್ಲಿ ಅಹಿಫೇನ ಅಂತ ಬರುತ್ತದೆ. ಅರಬ್ ವ್ಯಾಪಾರಿಗಳ ಜೊತೆ ಬಂದದ್ದು. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕಾಲ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಒಡೆದು ಒಳಗೆ ನುಗ್ಗಿದ ಕಂಪನಿಯೇ ಆ ಹೊತ್ತಿಗಾಗಲೇ ಬಿಹಾರ, ಬನಾರಸಿನ ಅಫೀಮನ್ನು ತನ್ನ ಗುತ್ತಿಗೆ ಮಾಡಿಕೊಂಡಿತ್ತು. ರೈತ ಬೇರೆಯವರಿಗೆ ಮಾರುವಂತಿಲ್ಲ, ಕಂಪನಿ ಹೇಳಿದ್ದೇ ಬೆಲೆ. ಘಾಜಿಪುರದ ಕಾರ್ಖಾನೆ ಶುರುವಾದದ್ದು 1820ರಲ್ಲಿ. ಅಲ್ಲಿ ಉಂಡೆ ಕಟ್ಟಿ, 40 ಉಂಡೆಗೆ ಒಂದು ಪೆಟ್ಟಿಗೆ, ಕಲ್ಕತ್ತೆಯಲ್ಲಿ ಹರಾಜು, ಅಲ್ಲಿಂದ ಚೀನಾಕ್ಕೆ. ಚೀನಾದ ಚಹಾಕ್ಕೆ ಬೆಳ್ಳಿ ಕೊಡುವ ಬದಲು ಅಫೀಮು ತುಂಬಿದರು. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಶು 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ವಶಪಡಿಸಿಕೊಂಡು ನಾಶ ಮಾಡಿಸಿದ. ಯುದ್ಧ ಆಯಿತು, ಚೀನಾ ಸೋತಿತು, 1842ರಲ್ಲಿ ಹಾಂಗ್‌ಕಾಂಗ್ ಬ್ರಿಟಿಷರ ಕೈಗೆ ಹೋಯಿತು. ಆ ಘಾಜಿಪುರದ ಕಾರ್ಖಾನೆ ಈಗಲೂ ನಡೆಯುತ್ತಿದೆ, ಸರ್ಕಾರದ ಕೈಯಲ್ಲಿ, ಔಷಧಕ್ಕಾಗಿ.

ಇನ್ನೊಂದು ವಿಷಯ ನಿನ್ನ ಪರೀಕ್ಷೆಗೂ ಬೇಕಾದೀತು. 1952ರಲ್ಲಿ ಅಮೆರಿಕದ ಮಾರ್ಷಲ್ ಗೇಟ್ಸ್ ಲ್ಯಾಬಿನಲ್ಲೇ ಪೂರ್ತಿ ಮಾರ್ಫಿನ್ ಕಟ್ಟಿ ತೋರಿಸಿದರು. ಆದರೂ ಇವತ್ತಿಗೂ ಗಿಡದಿಂದ ತೆಗೆಯುವುದೇ ಅಗ್ಗ. ಹಾಗಾಗಿ ಜಗತ್ತಿನ ಮಾರ್ಫಿನ್ ಹೊಲದಲ್ಲೇ ಹುಟ್ಟುತ್ತದೆ.

ಪ್ರಶ್ನೆ: ಗಸಗಸೆ ಕೆ.ಜಿ.ಗೆ ಸಾವಿರ ದಾಟಿದೆ. ನಮಗೆ ವಿ.ಸಿ. ನಾಲೆ ನೀರಿದೆ. ಕಬ್ಬಿನ ದುಡ್ಡು ಯಾವಾಗ ಬರುತ್ತೋ ದೇವರಿಗೇ ಗೊತ್ತು. ಒಂದು ಹತ್ತು ಗುಂಟೆ ಗಸಗಸೆ ಹಾಕಿದರೆ ಹೇಗೆ? (ರೈತ, ಪಾಂಡವಪುರ)

ಉತ್ತರ: ಹಾಕಬೇಡಿ ಅಣ್ಣಾ. ಹತ್ತು ಗುಂಟೆ ಇರಲಿ, ಬದುವಿನಲ್ಲಿ ನಾಲ್ಕು ಗಿಡವೂ ಬೇಡ. ಲೈಸೆನ್ಸ್ ಇಲ್ಲದೆ ಬೆಳೆದರೆ 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. "ಕಾಳಿಗೆ ಹಾಕಿದ್ದೆ, ಹಾಲು ತೆಗೆಯಲ್ಲ" ಅಂದರೆ ಕಾನೂನು ಕೇಳುವುದಿಲ್ಲ. ಲೈಸೆನ್ಸ್ ಸಿಗುವುದು ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ. ಮಂದಸೌರ್, ನೀಮಚ್, ಚಿತ್ತೋಡಗಢ ಆ ಕಡೆ. ಗ್ವಾಲಿಯರಿನಲ್ಲಿರುವ ಕೇಂದ್ರ ನಾರ್ಕೋಟಿಕ್ಸ್ ಬ್ಯೂರೋ ಕೊಡುತ್ತದೆ. ಅಲ್ಲಿನವರು ಅದನ್ನು ಪಟ್ಟಾ ಅನ್ನುತ್ತಾರೆ. ಕರ್ನಾಟಕಕ್ಕೆ ಅದು ಇಲ್ಲ.

ಅಲ್ಲಿನ ರೈತರ ಪಾಡೂ ಸುಲಭದ್ದಲ್ಲ. ಅಕ್ಟೋಬರ್-ನವೆಂಬರಿನಲ್ಲಿ ಬಿತ್ತನೆ. ಬಿಳಿ ಹೂವು ಉದುರಿ ಹಸಿರು ಕಾಯಿ ಬಲಿತ ಮೇಲೆ, ಫೆಬ್ರವರಿ-ಮಾರ್ಚಿನಲ್ಲಿ, ಸಾಲು ಮೊನೆಗಳ ಸಣ್ಣ ಚಾಕುವಿನಿಂದ ಒಂದೊಂದು ಕಾಯಿಯನ್ನೂ ಮೇಲಿನಿಂದ ಕೆಳಕ್ಕೆ ಗೀರಬೇಕು. ಮಧ್ಯಾಹ್ನ ಗೀರುತ್ತಾರೆ. ಗೀರು ಆಳವಾದರೆ ಹಾಲು ಕಾಯಿಯೊಳಗೇ ಇಳಿಯುತ್ತದೆ, ತೀರಾ ಮೇಲಾದರೆ ಬರುವುದೇ ಇಲ್ಲ. ಬೆಳ್ಳಗೆ ಒಸರಿದ ಹಾಲು ರಾತ್ರಿಯಲ್ಲಿ ಗಟ್ಟಿಯಾಗಿ ಕಂದಾಗುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಅದನ್ನು ಕೆರೆದು ತೆಗೆಯಬೇಕು. ಎರಡು ಮೂರು ದಿನ ಬಿಟ್ಟು ಅದೇ ಕಾಯಿಗೆ ಮತ್ತೆ ಗೀರು. ಒಂದು ಮಳೆ ಬಿದ್ದರೆ ಹಾಲೆಲ್ಲ ತೊಳೆದುಹೋಯಿತು. ಕೆರೆದದ್ದನ್ನು ಸರ್ಕಾರದ ತೂಕದ ಕೇಂದ್ರಕ್ಕೇ ಒಪ್ಪಿಸಬೇಕು. ಹೆಕ್ಟೇರಿಗೆ ಇಂತಿಷ್ಟು ಮಾರ್ಫಿನ್ ಬರಲೇಬೇಕು ಅಂತ ಲೆಕ್ಕವಿದೆ. ಕಡಿಮೆ ಬಂದರೆ ಮುಂದಿನ ವರ್ಷ ಪಟ್ಟಾಕ್ಕೇ ಕುತ್ತು.

ಬೇರೆ ದೇಶಗಳು ಹೀಗೆ ಗೀರುವುದಿಲ್ಲ. ಹಂಗೇರಿಯ ಯಾನೋಶ್ ಕಬಾಯ್ ಎಂಬ ಫಾರ್ಮಸಿಸ್ಟ್, 1930ರ ದಶಕದ ಆರಂಭದಲ್ಲಿ, ಕಾಳು ತೆಗೆದ ಮೇಲೆ ಉಳಿಯುವ ಒಣ ಕಾಯಿ-ಕಡ್ಡಿಯಿಂದಲೇ ಮಾರ್ಫಿನ್ ತೆಗೆಯುವ ವಿಧಾನ ಕಂಡುಹಿಡಿದರು. ಆಸ್ಟ್ರೇಲಿಯಾದ ಟಾಸ್ಮೇನಿಯಾ, ಟರ್ಕಿ, ಸ್ಪೇನ್, ಫ್ರಾನ್ಸ್ ಎಲ್ಲಾ ಆ ದಾರಿ ಹಿಡಿದವು. ಮೆಷಿನ್ನಿನಲ್ಲಿ ಕೊಯ್ದು ನೇರ ಕಾರ್ಖಾನೆಗೆ. ಕೂಲಿ ಕಡಿಮೆ, ಹೊಲದಲ್ಲಿ ಅಫೀಮೇ ಇರುವುದಿಲ್ಲವಾದ್ದರಿಂದ ಕಳ್ಳತನವೂ ಕಡಿಮೆ. ಟರ್ಕಿ 1970ರ ದಶಕದಲ್ಲಿ ಒಮ್ಮೆ ಬೆಳೆಯನ್ನೇ ನಿಲ್ಲಿಸಿ, ಆಮೇಲೆ ಈ ವಿಧಾನದಲ್ಲಿ ಮತ್ತೆ ಶುರು ಮಾಡಿತು. ಟಾಸ್ಮೇನಿಯಾದವರು ಮಾರ್ಫಿನ್ ಬದಲು ಗಸಗಸೆ ಗಿಡದ್ದೇ ಇನ್ನೊಂದು ವಸ್ತುವಾದ ಥೀಬೇನ್ ಜಾಸ್ತಿ ಇರುವ ತಳಿಯನ್ನೇ ಮಾಡಿಕೊಂಡರು. ಆಕ್ಸಿಕೋಡೋನಿಗೂ, ಮಾರ್ಫಿನ್ ಹೆಚ್ಚಾದಾಗ ಜೀವ ಉಳಿಸುವ ನಲಾಕ್ಸೋನಿಗೂ ಅದೇ ಮೂಲ. ಗೀರಿ ತೆಗೆದ ಅಫೀಮನ್ನು ಕಾನೂನುಬದ್ಧವಾಗಿ ಹೊರದೇಶಕ್ಕೆ ಕಳಿಸುವ ದೇಶ ನಮ್ಮದೊಂದೇ. ಅಮೆರಿಕ ತನಗೆ ಬೇಕಾದ ಕಚ್ಚಾ ಮಾಲಿನಲ್ಲಿ 80 ಭಾಗವನ್ನು ಭಾರತ, ಟರ್ಕಿಗಳಿಂದಲೇ ಕೊಳ್ಳಬೇಕೆಂದು 1981ರಲ್ಲಿ ನಿಯಮ ಮಾಡಿಕೊಂಡದ್ದು ನಮ್ಮ ರೈತರಿಗೆ ಆಸರೆಯಾಯಿತು. ಈಗ ನಮ್ಮಲ್ಲೂ ಒಂದಷ್ಟು ರೈತರಿಗೆ ಗೀರದೆ ಕಾಯಿಯನ್ನೇ ಕೊಡುವ ಪಟ್ಟಾ ಕೊಡುತ್ತಿದ್ದಾರೆ. ನನಗನ್ನಿಸುವ ಹಾಗೆ ಅದೇ ಸರಿಯಾದ ದಾರಿ.

ಅಫ್ಘಾನಿಸ್ತಾನದ ಅಫೀಮು ಅಂತ ಸುದ್ದಿಯಲ್ಲಿ ಬರುವುದು ಬೇರೆಯೇ. ಅದು ಕಳ್ಳದಾರಿಯದ್ದು. 2022ರಲ್ಲಿ ತಾಲಿಬಾನ್ ನಿಷೇಧ ಹಾಕಿದ ಮೇಲೆ ಮರುವರ್ಷವೇ ಅಲ್ಲಿನ ಬೆಳೆ ಶೇಕಡ 95ರಷ್ಟು ಬಿದ್ದುಹೋಯಿತು. ಔಷಧದ ಪೂರೈಕೆಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಹಾಗಾದರೆ ನಾವು ಯುಗಾದಿಗೆ ಮಾಡೋ ಗಸಗಸೆ ಪಾಯಸ? ಕುಡಿದರೆ ನಿದ್ದೆ ಬರೋದು ಅದಕ್ಕೇನಾ? ಮಗ ದುಬೈನಲ್ಲಿದ್ದಾನೆ, ಹೋಗುವಾಗ ಅರ್ಧ ಕೆ.ಜಿ. ಗಸಗಸೆ ಒಯ್ಯೋಣ ಅಂತಿದ್ದೆ. (ಗೃಹಿಣಿ, ಅಗ್ರಹಾರ, ಮೈಸೂರು)

ಉತ್ತರ: ಒಯ್ಯಲೇಬೇಡಿ ಅಮ್ಮಾ! ಯುಎಇ, ಸೌದಿಗಳಲ್ಲಿ ಗಸಗಸೆ ನಿಷೇಧಿತ ವಸ್ತು. ಅಡಿಗೆಗೆ ತಂದದ್ದು ಅಂದರೂ ಕೇಳುವುದಿಲ್ಲ, ಜೈಲು ಸೇರಿದವರಿದ್ದಾರೆ. ಕಾಳು ಮಾತ್ರ ಅಲ್ಲ, ಸಾಗು ಪುಡಿ, ಕುರ್ಮಾ ಮಸಾಲೆಗೆ ಗಸಗಸೆ ಹುರಿದು ಹಾಕಿರುತ್ತೀರಲ್ಲ, ಅದೂ ಬೇಡ. ಪ್ಯಾಕೆಟ್ ಮಸಾಲೆಯಾದರೆ ಹಿಂದಿನ ಪಟ್ಟಿ ಓದಿ. ಮಗನಿಗೆ ಹೆಸರುಬೇಳೆ ಪಾಯಸ ಮಾಡಿಕೊಡಿ.

ಮೈಸೂರಿನಲ್ಲಿ ಕೂತು ನೀವು ಧಾರಾಳವಾಗಿ ಗಸಗಸೆ ಪಾಯಸ ಕುಡಿಯಬಹುದು. ಗಿಡ ಒಂದೇ. ಆದರೆ ಅಫೀಮು ಇರುವುದು ಹಸಿ ಕಾಯಿಯ ಸಿಪ್ಪೆಯ ಹಾಲಿನಲ್ಲಿ, ಕಾಳಿನೊಳಗೆ ಅಲ್ಲ. ಕೊಯ್ಲಿನಲ್ಲಿ ಕಾಳಿನ ಮೇಲೆ ಸ್ವಲ್ಪ ಅಂಟಿಕೊಂಡಿರಬಹುದು. ತೊಳೆದು, ಹುರಿದು, ರುಬ್ಬಿ, ಕುದಿಸುವಾಗ ಅದೂ ಬಹುಪಾಲು ಹೋಗುತ್ತದೆ. ಒಬ್ಬಟ್ಟು, ಚಿತ್ರಾನ್ನ, ಕೋಸಂಬರಿ ಎಲ್ಲಾ ಹೊಡೆದು ಮೇಲೊಂದು ಲೋಟ ಬೆಲ್ಲ-ತೆಂಗಿನಕಾಯಿಯ ಪಾಯಸ ಕುಡಿದರೆ ನಿದ್ದೆ ಬರದೆ ಇನ್ನೇನು! ಒಂದು ಎಚ್ಚರಿಕೆ ಮಾತ್ರ: ಮನೆಯಲ್ಲಿ ಯಾರಿಗಾದರೂ ಕೆಲಸಕ್ಕೋ ಕ್ರೀಡೆಗೋ ಮೂತ್ರದ ಪರೀಕ್ಷೆ ಇದ್ದರೆ ಎರಡು ಮೂರು ದಿನ ಮೊದಲು ಗಸಗಸೆ ಬಿಡಲಿ. ಆ ಅಂಟಿದ ಚೂರೂ ಪರೀಕ್ಷೆಯಲ್ಲಿ ಕಾಣಿಸಬಹುದು.

ಪ್ರಶ್ನೆ: ಮನೆಯಲ್ಲಿ ನಮ್ಮವರಿಗೆ ಬರೆದಿದ್ದ ಕೆಮ್ಮಿನ ಸಿರಪ್ ಉಳಿದಿದೆ, ಕೋಡೀನ್ ಅಂತ ಇದೆ. ಆರು ವರ್ಷದ ಮಗಳಿಗೆ ಅರ್ಧ ಚಮಚ ಹಾಕಬಹುದಾ? (ತಾಯಿ, ಶ್ರೀರಂಗಪಟ್ಟಣ)

ಉತ್ತರ: ಬೇಡ. ಕಾಲು ಚಮಚವೂ ಬೇಡ. ಕೋಡೀನ್ ಹೊಟ್ಟೆಗೆ ಹೋದ ಮೇಲೆ ಒಂದು ಭಾಗ ಲಿವರಿನಲ್ಲಿ ಮಾರ್ಫಿನ್ ಆಗುತ್ತದೆ. ಕೆಲವರ ಮೈಯಲ್ಲಿ ಇದು ಬಹಳ ಬೇಗ, ಬಹಳ ಜಾಸ್ತಿ ಆಗಿಬಿಡುತ್ತದೆ. ಅದು ಹುಟ್ಟಿನಿಂದ ಬಂದ ಗುಣ, ನೋಡಿದರೆ ಗೊತ್ತಾಗುವುದಿಲ್ಲ. ಅಂಥ ಮಕ್ಕಳ ಉಸಿರು ನಿಂತು ಜೀವ ಹೋದದ್ದುಂಟು. 12 ವರ್ಷದೊಳಗಿನವರಿಗೆ ಕೊಡಲೇಬಾರದು ಎಂದು ಅಮೆರಿಕದ ಔಷಧ ಇಲಾಖೆ 2017ರಲ್ಲಿ ಹೇಳಿತು. ಮೊಲೆ ಹಾಲು ಕುಡಿಸುವ ತಾಯಂದಿರೂ ಇದನ್ನು ಕುಡಿಯಬಾರದು, ಹಾಲಿನ ಮೂಲಕ ಮಗುವಿಗೆ ಹೋಗುತ್ತದೆ. ಮಗಳಿಗೆ ಬಿಸಿನೀರು ಕುಡಿಸಿ, ಒಂದು ಚಮಚ ಜೇನುತುಪ್ಪ ಕೊಡಿ. ಮೂರು ನಾಲ್ಕು ದಿನಕ್ಕೂ ಕೆಮ್ಮು ಇಳಿಯದಿದ್ದರೆ, ಜ್ವರ ಇದ್ದರೆ ಅಥವಾ ಉಸಿರಾಡುವಾಗ ಎದೆ ಒಳಗೆ ಎಳೆದುಕೊಳ್ಳುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಉಳಿದ ಸಿರಪ್ ಬಾಟಲಿಯನ್ನು ಅವಳ ಕೈಗೆ ಸಿಗದ ಹಾಗೆ ಇವತ್ತೇ ತೆಗೆದುಬಿಡಿ.